ಕಮಲಾಪುರದಿಂದ ಕಡಲಿನ ಮುನ್ಸೂಚನೆ

ಹೋದ ವಾರ ನಾನೂ ನನ್ನ ನೆಗೆಣ್ಣಿ ಸುವರ್ಣಾಳೂ ಕಲಬುರಗಿಯ ರೋಜಾ ಬಡಾವಣೆ ಕಡೆ ಹೋಗಿದ್ದೆವು. ಅವಳಿಗೆ ಎರಡು ಚಾದರ ಬೇಕಿತ್ತು, ನನಗೆ ಮನೆಯಿಂದ ಹೊರಬೀಳಲು ಒಂದು ನೆಪ ಬೇಕಿತ್ತು. ಚಾದರ ಕೊಂಡು, ಅಡ್ಡ ಓಣಿಯಲ್ಲಿ ಆಟೊ ಹುಡುಕುತ್ತ ಬರುವಾಗ ಒಂದು ಅಂಗಡಿಯ ಮುಂದೆ ಒಣಮೀನಿನ ಚೀಲಗಳ ಬಾಯಿ ಬಿಚ್ಚಿಟ್ಟಿದ್ದರು. ಸುವರ್ಣಾ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಿದಳು. ನಾನು ಓಡಲಿಲ್ಲ. ಅಲ್ಲೇ ನಿಂತು ಒಂದು ಉಸಿರು ಒಳಗೆಳೆದೆ, ಸಾಲದೆಂದು ಇನ್ನೊಂದು ಎಳೆದೆ.

"ಏ ಮಾದೇವಿ, ತಲಿ ಕೆಟ್ಟದೇನ ನಿನಗ? ಇಲ್ಲ್ಯಾಕ ನಿಂತಿ?" ಎಂದು ಅವಳು ದೂರದಿಂದಲೇ ಕೂಗಿದಳು.

ನಮ್ಮದು ತತ್ತಿಯನ್ನೂ ಹೊಸ್ತಿಲು ದಾಟಿಸದ ಮನೆತನ. ಅಂಗಡಿಯವನಿಗೂ ನನ್ನ ಹಣೆಯ ವಿಭೂತಿ ಕಂಡಿರಬೇಕು, "ಅಮ್ಮಾ, ರಾಸ್ತಾ ತಪ್ಪೀರೇನು?" ಎಂದು ಪಾಪ, ಮರ್ಯಾದೆಯಿಂದ ಕೇಳಿದ. ಇಲ್ಲಪ್ಪ ಎಂದು ನಕ್ಕೆ. ಆಟೊದಲ್ಲಿ ಕೂತ ಮೇಲೂ ನಗು ನಿಲ್ಲಲಿಲ್ಲ. ಸುವರ್ಣಾಳಿಗೆ ಹೇಳೋಣವೆಂದರೆ ಎಲ್ಲಿಂದ ಶುರು ಮಾಡುವುದು? ಮದುವೆಗೆ ಮುಂಚೆ ನಾನು ಒಂದು ಮಳೆಗಾಲದ ಕೊನೆಯಿಂದ ದೀಪಾವಳಿಯವರೆಗೆ, ಕಮಲಾಪುರದ ಬಾಳೆತೋಟದಲ್ಲಿ ನಿಂತು ಸುದ್ದಿ ಕೇಳಿ, ಕಂಡೇ ಇರದ ಸಮುದ್ರದ ಅಲೆಗಳ ಬಗ್ಗೆ ದಿನಾ ಭವಿಷ್ಯ ಹೇಳುತ್ತಿದ್ದೆ ಎಂದರೆ ಅವಳು ನನ್ನನ್ನು ನೇರ ದವಾಖಾನೆಗೆ ಒಯ್ಯುತ್ತಿದ್ದಳು.

ಆದರೆ ನಡೆದದ್ದು ಅದೇ. ಜಗತ್ ಸರ್ಕಲ್ಲಿನಿಂದ ಸ್ವಲ್ಪ ಒಳಗೆ, ಟೇಲರ್ ಮಹಬೂಬ್ ಭಾಯ್ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಆಫೀಸು ನಮ್ಮದು. ನಮ್ಮದೆಂದರೆ ವೈಜಯಂತಿಬಾಯಿಯವರದು. ಭೂಗೋಳದ ಟೀಚರಾಗಿ ನಿವೃತ್ತರಾಗಿ, ಮನೆಯಲ್ಲಿ ಕೂತು ಬೇಸರ ಹಿಡಿದು, ತೊಗರಿ ಬೆಳೆಯುವವರಿಗೆ ಫೋನಿನಲ್ಲಿ ಹವಾಮಾನ ಹೇಳುವ ಕೆಲಸ ಶುರು ಮಾಡಿದ್ದರು. ಒಂದು ನಂಬರಿಗೆ ಫೋನು ಹಚ್ಚಿದರೆ ನನ್ನ ದನಿ ಕೇಳುತ್ತಿತ್ತು: "ನಮಸ್ಕಾರ್ರೀ, ನಾ ಮಹಾದೇವಿ. ನಾಳಿ ಮಧ್ಯಾಹ್ನ ಮ್ಯಾಲ ಮೋಡ ಕಟ್ಟತದ, ಔಷಧ ಹೊಡಿಯೋರು ಮುಂಜಾನೇನೇ ಹೊಡೀರಿ." ಕಂಪ್ಯೂಟರಿನಲ್ಲಿ ಬರುವ ಗಾಳಿ, ಮೋಡ, ತೇವದ ಲೆಕ್ಕಗಳನ್ನೆಲ್ಲ ಒಂದು ನಿಮಿಷದ ಮಾತಿಗೆ ಇಳಿಸುವುದು ನನ್ನ ಕೆಲಸ. ಬಾಯಾರು ಎಂದೇ ನಾವೆಲ್ಲ ಕರೆಯುತ್ತಿದ್ದ ವೈಜಯಂತಿಬಾಯಿ ಅದನ್ನು ಓದಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಹೂಂ ಅನ್ನುವವರೆಗೆ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಆ ಸಲ ಮಳೆ ಹಿಂದೆ ಸರಿಯುವ ಹೊತ್ತಿಗೆ ಉಡುಪಿ ಕಡೆಯ ಒಂದು ಕಡಲತೀರದಿಂದ ಪತ್ರ ಬಂತು. ಅಲ್ಲಿ ಅಲೆಗಳ ಮೇಲೆ ಹಲಗೆ ಹಾಕಿ ನಿಲ್ಲುವುದನ್ನು ಕಲಿಸುವ ಸಣ್ಣ ಸರ್ಫಿಂಗ್ ಶಾಲೆಯಂತೆ. ಕಲಿಸುವವರು, ಕಾಯುವವರು ಎಲ್ಲ ಊರಿನ ಮೀನುಗಾರರ ಮನೆಯವರು. ಇಂಗ್ಲಿಷಿನ ಆ್ಯಪು ಅವರಿಗೆ ತಲೆಗೆ ಹತ್ತುತ್ತಿಲ್ಲ, ತೊಗರಿಯವರಿಗೆ ಹೇಳುವ ಹಾಗೆ ನಮಗೂ ಕನ್ನಡದಲ್ಲಿ ದಿನಾ ಸಂಜೆ ಆರಕ್ಕೆ ಮರುದಿನದ ಗಾಳಿ, ಅಲೆ, ಉಬ್ಬರ ಇಳಿತ ಹೇಳುತ್ತೀರಾ ಎಂದು ಶಾಲೆಯ ದಿನೇಶ ಎಂಬವರು ಬರೆದಿದ್ದರು.

"ಬಾಯಾರ, ನಾ ಸಮುದ್ರ ನೋಡೇ ಇಲ್ರೀ," ಅಂದೆ.

"ಅಗ ಬಾಈ, ನೀ ಚಂದ್ರನ ಮ್ಯಾಲ ಹೋಗಿದ್ದೇನು? ಹುಣ್ಣಿಮಿ ಅಮಾಸಿ ಹೇಳಂಗಿಲ್ಲೇನು?" ಅಂದರು ಬಾಯಾರು. ಮರಾಠಿ ಮನೆಮಾತು, ಕನ್ನಡ ಓಣಿಯ ಮಾತು. ಉತ್ಸಾಹ ಬಂದಾಗ ಎರಡೂ ಒಟ್ಟಿಗೆ ಬರುತ್ತಿದ್ದವು. "ಗಾಳಿ ಅಂದ್ರ ಗಾಳೀನ. ತೊಗರಿ ಮ್ಯಾಲ ಬೀಸಲಿ, ನೀರಿನ ಮ್ಯಾಲ ಬೀಸಲಿ. ಬರಕೋ."

ಬರೆದುಕೊಂಡೆ. ಬಾಯಾರು ಗೋಡೆಯ ಹಲಗೆಯ ಮೇಲೆ ಚಿತ್ರ ಬಿಡಿಸಿದರು. ತೀರ ಪೂರ್ತಿ ಪಡುವಣಕ್ಕೆ ಮುಖ ಮಾಡಿದೆ. ಬಂಡೆಯಿಲ್ಲ, ಗುಡ್ಡದ ಮರೆಯಿಲ್ಲ, ಬಂದದ್ದೆಲ್ಲ ಎದೆಗೇ ಬಂದು ಬಡಿಯುತ್ತದೆ. ದಂಡೆಯಿಂದ ಸ್ವಲ್ಪ ದೂರ ನೀರಿನೊಳಗೆ ಒಂದು ಮರಳಿನ ದಿಬ್ಬ. ಅಲೆ ಅದಕ್ಕೆ ಎಡವಿ ಮುರಿಯುತ್ತದೆ, ಮುರಿದ ಅಲೆಯ ಮೇಲೆಯೇ ಇವರ ಸವಾರಿ. ದಿಬ್ಬ ಮಾತ್ರ ಸ್ಥಿರವಲ್ಲ. ಪ್ರತಿ ಮಳೆಗಾಲ ಅದನ್ನು ಎತ್ತಿ ಬೇರೆ ಕಡೆ ಹಾಕುತ್ತದೆ, ನಡುವೆ ಎಲ್ಲೋ ಒಂದು ಕಿಂಡಿ ಕೊರೆಯುತ್ತದೆ. ದಂಡೆಗೆ ಬಂದ ನೀರೆಲ್ಲ ಆ ಕಿಂಡಿಯಿಂದಲೇ ಹಿಂದಕ್ಕೆ ಓಡುತ್ತದೆ. ಅಲ್ಲಿ ಸಿಕ್ಕಿದವರನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಈ ದಿಬ್ಬ, ಕಿಂಡಿ ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ. ಅದನ್ನು ದಿನಾ ಬೆಳಿಗ್ಗೆ ನೋಡಿ ಹೇಳಲು ಆ ಊರಿನವರೇ ಒಬ್ಬರು ಬೇಕು ಎಂದು ಬಾಯಾರು ಪತ್ರ ಬರೆದರು. ದಿನೇಶರು ಜಲಜಕ್ಕನ ನಂಬರು ಕೊಟ್ಟರು.

ಜಲಜಕ್ಕ ಮೀನು ಮಾರುವ ಹೆಂಗಸು. ಐವತ್ತು ದಾಟಿತ್ತು. ದೋಣಿ ಬರುವ ಮೊದಲೇ ದಂಡೆಗೆ ಬಂದು, ಹೊಳೆ ಕಡಲು ಸೇರುವ ಅಳಿವೆಯವರೆಗೆ ನಡೆದು, ವಾಪಸು ಬಂದು, ನನಗೆ ಫೋನು ಮಾಡುತ್ತಿದ್ದಳು. ಆಗ ನಾನಿನ್ನೂ ಕಮಲಾಪುರದ ಮನೆಯಲ್ಲಿ ಇರುತ್ತಿದ್ದೆ. ಕಲಬುರಗಿ ಬಸ್ಸು ಎಂಟಕ್ಕೆ. ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಹಿತ್ತಲು ದಾಟಿ, ಅಪ್ಪನ ಕೆಂಪು ಬಾಳೆಯ ತೋಟದ ಬದುವಿನ ಮೇಲೆ, ಮೋಟಾರಿನ ಕೋಣೆಗೆ ಬೆನ್ನು ಕೊಟ್ಟು ನಿಂತರೆ ಮಾತ್ರ ಮಾತು ಸ್ಪಷ್ಟ. ಹೀಗಾಗಿ ಬೆಳಿಗ್ಗೆ ಬೆಳಿಗ್ಗೆ ನಾನು ಬಾಳೆಯ ಸಾಲಿನಲ್ಲಿ ನಿಂತು "ದಿಬ್ಬ ಎಷ್ಟು ದೂರ ಹೋಯ್ತು? ಕಿಂಡಿ ಬಡಗಲಿಗೋ ತೆಂಕಲಿಗೋ?" ಎಂದು ಕೂಗುವುದು, ಅಪ್ಪ ಗುದ್ದಲಿ ಹಿಡಿದು ನಿಂತು ಕೇಳುವುದು ನಡೆಯಿತು. ನಾಲ್ಕು ದಿನ ಸುಮ್ಮನಿದ್ದು ಅಪ್ಪ ಐದನೆಯ ದಿನ, "ಯವ್ವಾ, ಆ ಅಕ್ಕನ ಹೊಲಕ್ಕ ದಿನಾ ಒಡ್ಡು ಒಡೀತದೇನ?" ಎಂದು ಚಿಂತೆಯಿಂದ ಕೇಳಿದ. ಹೌದಪ್ಪ ಎಂದೆ. ಅವನಿಗೆ ಅರ್ಥವಾಯಿತು, ನನಗಿಂತ ಬೇಗ.

ಮೊದಲ ವಾರವೇ ನಾನು ದೊಡ್ಡ ಎಡವಟ್ಟು ಮಾಡಿದೆ. ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ಎಡವಟ್ಟು ಅದು. ನಮಗೆ ಪಡುವಣ ಗಾಳಿ ಎಂದರೆ ಮಳೆ ತರುವ ಗಾಳಿ, ಬೇಸಿಗೆಯ ಬೆಂಕಿ ಆರಿಸುವ ಗಾಳಿ. ಮೂಡಣ ಗಾಳಿ ಎಂದರೆ ಒಣಗಾಳಿ. ಬೀಸಿದರೆ ಅವ್ವ ಬಾಗಿಲು ಹಾಕಿ, ಮೈಕೈ ನೋವೆಂದು ಕೂತುಬಿಡುತ್ತಾಳೆ. ಹಾಗಾಗಿ ಲೆಕ್ಕದಲ್ಲಿ "ಬೆಳಿಗ್ಗೆಯಿಂದಲೇ ಪಡುವಣ ಗಾಳಿ" ಎಂದು ಕಂಡದ್ದೇ ತಡ, ಬಾಯಾರ ಕೆಂಪು ಪೆನ್ನಿಗೂ ತಿಳಿಯದಂತೆ, ದನಿಯಲ್ಲಿ ಹಬ್ಬ ತುಂಬಿ, "ನಾಳೆ ಬೆಳಗಿನಿಂದಲೇ ಪಡುವಣ ಗಾಳಿ ಇರುತ್ತದೆ. ಕಲಿಯುವವರಿಗೆ ಅತ್ಯುತ್ತಮ ದಿನ" ಎಂದು ಓದಿದೆ. ಸಮುದ್ರಕ್ಕೆ ಮರ್ಯಾದೆ ಕೊಡಬೇಕೆಂದು ಆಗ ನಾನು ಪುಸ್ತಕದ ಕನ್ನಡದಲ್ಲಿ ಓದುತ್ತಿದ್ದೆ.

ಮರುದಿನ ಬೆಳಿಗ್ಗೆ ಫೋನು ಎತ್ತಿದರೆ ಆಕಡೆ ಗಾಳಿಯದೇ ಗದ್ದಲ.

"ಎಂತ ಮಾರಾಯ್ತಿ, ಅತ್ಯುತ್ತಮ ಅಂತ ಹೇಳಿದ್ದು ನೀನೇ ಅಲ್ವಾ? ಹನ್ನೆರಡು ಜನ ನೀರಿಗೆ ಇಳಿದ್ರು, ಹನ್ನೆರಡು ಜನವೂ ಬಾಯಲ್ಲಿ ಮರಳು ತುಂಬಿಸಿಕೊಂಡು ಬಂದ್ರು!"

"ಪಡುವಣ ಗಾಳಿ ಇಲ್ಲೇನ್ರೀ ಅಲ್ಲಿ?"

"ಉಂಟು, ಉಂಟು. ಅದೇ ಕಷ್ಟ ಆದದ್ದು! ಅಲೆಯ ಬೆನ್ನಿಗೆ ಗಾಳಿ ಹೊಡೆದ್ರೆ ಅದು ಮಗುಚಿ ಬೀಳ್ತದೆ. ನೆಲದ ಕಡೆಯಿಂದ, ಎದುರಿನಿಂದ ಬೀಸ್ಬೇಕು. ಆಗ ಅಲೆ ನೆಟ್ಟಗೆ ನಿಲ್ತದೆ, ನಿಧಾನ ಮುರೀತದೆ. ನೀನು ಯಾವ ಸಮುದ್ರ ನೋಡಿದ್ದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಾವುದೂ ನೋಡಿಲ್ರೀ. ನಮ್ಮ ಬೆಣ್ಣೆತೊರೆ ಹೊಳಿ ತುಂಬಿ ಹರಿದಾಗ ನೋಡೀನಿ, ಅಷ್ಟೇ."

ಜಲಜಕ್ಕ ನಕ್ಕಳು. ಅಂಥ ನಗು ನಾನು ಕೇಳಿರಲಿಲ್ಲ. ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಪರ್ವಾಗಿಲ್ಲ. ನಾನು ನೋಡಿದ್ದೇನೆ. ನಾನು ಹೇಳ್ತೇನೆ, ನೀನು ಕಲಿ. ಮತ್ತೆ ಆ ಪುಸ್ತಕದ ಭಾಷೆ ಬಿಡು. ನೀನೀಗ ಮಾತಾಡಿದ್ಯಲ್ಲ, ಹಾಗೇ ಹೇಳು."

ಅಂದು ಬದುವಿನ ಮೇಲೆ ನಿಂತು ನನಗೆ ಹೊಳೆದದ್ದು ಇಷ್ಟು: ಅವ್ವ ಬಾಗಿಲು ಹಾಕಿಕೊಳ್ಳುವ ಮೂಡಣ ಗಾಳಿಯನ್ನೇ ಆ ಜನ ಹಲಗೆ ಹಿಡಿದು ಕಾಯುತ್ತಾರೆ. ನಮಗೆ ಬೇಡವಾದದ್ದು ಅಲ್ಲಿ ಅಷ್ಟು ಬೇಕಾದದ್ದು ಎಂದು ತಿಳಿದು ವಿಚಿತ್ರ ಖುಷಿಯಾಯಿತು. ಮರುದಿನದಿಂದ ನನ್ನ ಮುನ್ಸೂಚನೆ ಹೀಗಿತ್ತು: "ನಮಸ್ಕಾರ್ರೀ, ನಾ ಮಹಾದೇವಿ. ನಾಳಿ ಒಂಬತ್ತರ ತನಕ ನೆಲದ ಗಾಳಿ ಛಲೋ ಅದ. ಆಮ್ಯಾಲ ನೀರಿಂದು ಸುರು ಆಗ್ತದ, ಹಲಗಿ ಎತ್ತಿಡ್ರಿ." ಒಂದು ವಾರದೊಳಗೆ ತೀರದ ಮೇಲೆ ಎಲ್ಲರೂ ಎಲ್ಲದಕ್ಕೂ ಛಲೋ ಅನ್ನಲು ಶುರು ಮಾಡಿದ್ದಾರೆಂದು ಜಲಜಕ್ಕ ದೂರಿದಳು. ಚಹಾ ಛಲೋ, ಬಂಗಡೆ ಛಲೋ, ಬಸ್ಸು ತಪ್ಪಿದರೂ ಛಲೋ.

ನಾನು ತಪ್ಪು ಮಾಡಿದ್ದಕ್ಕೆ ಅಪ್ಪನಿಗೆ ನಾಚಿಕೆಯಾಯಿತು. ಮಗಳ ಮಾತು ಕೇಳಿ ಹನ್ನೆರಡು ಮಂದಿ ಮರಳು ತಿಂದರೆ ಅದು ಮನೆತನದ ಪ್ರಶ್ನೆ. ಎರಡು ಗೊನೆ ಕೆಂಪು ಬಾಳೆ ಇಳಿಸಿ, ಹುಲ್ಲು ಸುತ್ತಿ, ಮಂಗಳೂರು ಬಸ್ಸಿಗೆ ಹಾಕಿಸಿದ. ಹತ್ತು ದಿನಕ್ಕೆ ಆಫೀಸಿಗೆ ಒಂದು ಪೆಟ್ಟಿಗೆ ಬಂತು. ಅಂದು ಏಕಾದಶಿ. ಬಾಯಾರು ನೀರೂ ಕುಡಿಯದೆ ಕೂತಿದ್ದರು. "ಸಮುದ್ರದಿಂದ ಏನೋ ಬಂದದ, ಶಂಖ ಇರಬೇಕು" ಎಂದು ತಾವೇ ಕತ್ತರಿ ತಂದು ಪೆಟ್ಟಿಗೆ ಬಿಚ್ಚಿದರು. ಒಳಗೆ ಎರಡು ಸೇರಿನಷ್ಟು ಒಣಸಿಗಡಿ.

ಆ ವಾಸನೆ ಎದ್ದು ನಿಂತಿತು, ಹಾಗೇ ಹೇಳಬೇಕು. ಬಾಯಾರು "ಅಗ ಬಾಈ ಗ!" ಎಂದು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ನಾನು ಕಿಟಕಿ ತೆಗೆದೆ; ಗಾಳಿ ಒಳಗೇ ಬೀಸಿತು. ಕೆಳಗಿನಿಂದ ಮಹಬೂಬ್ ಭಾಯ್ ಟೇಪು ಕೊರಳಿಗೆ ಹಾಕಿಕೊಂಡೇ ಓಡಿ ಬಂದ. ಪೆಟ್ಟಿಗೆ ನೋಡಿ ಅವನ ಮುಖ ಅರಳಿತು. "ಅರೆ ವಾಹ್! ಬಾಯಾರ, ಇದು ನಿಮಗ ಬಂದದ್ದೇನ್ರೀ?"

"ನನಗ ಬಂದದ್ದು, ನಿನಗ ಸೇರಿದ್ದು. ಮದ್ಲ ತಗೊಂಡು ಹೋಗಪ್ಪಾ ತಂದಿ!"

ಬಾಯಾರು ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ ಮತ್ತೆ ಬಂದರು. ಬಂದವರು ಪೆನ್ನು ಕೈಗೆ ತೆಗೆದುಕೊಂಡು ಜಲಜಕ್ಕನಿಗೆ ಪತ್ರ ಬರೆದರು: ನಿಮ್ಮ ಪ್ರೀತಿಯ ಕಾಣಿಕೆ ತಲುಪಿತು, ಓಣಿಗೆಲ್ಲ ತಲುಪಿತು. ಸಿಟ್ಟಿರಲಿಲ್ಲ ಅದರಲ್ಲಿ. ಆಫೀಸಿನ ಗೋಡೆಗೆ ಮಾತ್ರ ಆ ವಾಸನೆ ದೀಪಾವಳಿಯವರೆಗೂ ಇತ್ತು. ದಿನಾ ಬಾಗಿಲು ತೆರೆದ ಕೂಡಲೇ ನನ್ನ ಮೂಗಿಗೆ ಸಮುದ್ರ ಬಡಿಯುತ್ತಿತ್ತು. ಮೊದಲು ಉಸಿರು ಹಿಡಿಯುತ್ತಿದ್ದವಳು ಆಮೇಲೆ ಅದಿಲ್ಲದಿದ್ದರೆ ಏನೋ ಕಳೆದ ಹಾಗೆ ಅನ್ನಿಸುವವರೆಗೆ ಬಂದೆ.

ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಜಲಜಕ್ಕ ದಿಬ್ಬದ ಸುದ್ದಿಯನ್ನು ಬೇಗ ಮುಗಿಸಿದಳು. ದನಿ ಸಣ್ಣದಾಗಿತ್ತು.

"ಮಾದೇವಿ, ಒಂದು ಮಾತು. ನಗಬಾರ್ದು."

"ಇಲ್ರೀ, ಹೇಳ್ರಿ."

"ನಾನು ಈ ನೀರಿನ ಪಕ್ಕ ಹುಟ್ಟಿದ್ದು. ಇಷ್ಟು ವರ್ಷದಲ್ಲಿ ಮೊಣಕಾಲಿನ ಮೇಲೆ ನೀರು ತಾಗಿದ್ದಿಲ್ಲ, ಗೊತ್ತುಂಟಾ? ಗಂಡಸರು ದೋಣಿ ತಗೊಂಡು ಹೋಗ್ತಾರೆ, ನಾವು ಬುಟ್ಟಿ ತಗೊಂಡು ದಂಡೆಯಲ್ಲಿ ನಿಲ್ಲುವುದು. ಈಗ ದೂರದಿಂದ ಬಂದವರೆಲ್ಲ ನನ್ನ ಎದುರೇ ಅಲೆಯ ಮೇಲೆ ನಿಂತು ಬರ್ತಾರೆ. ನನಗೂ ಒಮ್ಮೆ ನಿಲ್ಬೇಕು. ನನಗೆ ಮಾತ್ರ ಅಲ್ಲ, ನಾವು ಇಪ್ಪತ್ತೆರಡು ಜನ ಇದ್ದೇವೆ."

ದಿನೇಶರನ್ನು ಅವಳೇ ಕೇಳಿದ್ದಳಂತೆ. ಅವರು ತಲೆ ಕೆರೆದುಕೊಂಡು ಒಪ್ಪಿದ್ದರು: ಒಂದು ಬೆಳಿಗ್ಗೆ, ಒಂದೇ. ದೀಪಾವಳಿಯ ರಜೆಗೆ ಪ್ರವಾಸಿಗಳು ಬಂದರೆ ಹಲಗೆಗಳು ಖಾಲಿ ಇರುವುದಿಲ್ಲ. ಇಪ್ಪತ್ತೆರಡು ಜನ ಅಂದಿನ ವ್ಯಾಪಾರ ಬಿಟ್ಟು ಬರಬೇಕು, ಮೂರು ಕೇರಿಗಳಿಂದ ಬರಬೇಕು, ಗಂಡಂದಿರ ಕುಹಕ ದಾಟಿ ಬರಬೇಕು. ಒಮ್ಮೆ ಕರೆದು ವಾಪಸು ಕಳಿಸಿದರೆ ಮತ್ತೆ ಅರ್ಧ ಜನವೂ ಬರುವುದಿಲ್ಲ. ಆದ್ದರಿಂದ ದಿನ ಮೊದಲೇ ಗೊತ್ತಾಗಬೇಕು, ಗೊತ್ತಾದದ್ದು ತಪ್ಪಬಾರದು. "ದಿನ ನೀನೇ ಇಡು. ಮುಹೂರ್ತ ಇಡ್ತಾರಲ್ಲ, ಹಾಗೆ," ಅಂದಳು ಜಲಜಕ್ಕ.

ತೊಗರಿಯವರಿಗೆ ಮಳೆ ಹೇಳುವುದು ಬೇರೆ, ಇದು ಬೇರೆ. ನಾಲ್ಕು ದಿನ ಲೆಕ್ಕಗಳನ್ನು ಜಾಲಾಡಿದೆ. ಇಳಿತದಲ್ಲಿ ದಿಬ್ಬದ ಮೇಲೆ ನೀರು ತೆಳ್ಳಗಿದ್ದು ಅಲೆ ನೆಲಕ್ಕೆ ಅಪ್ಪಳಿಸುತ್ತದೆ, ತುಂಬು ಉಬ್ಬರದಲ್ಲಿ ಅಲೆ ದಿಬ್ಬವನ್ನೇ ಕಾಣದೆ ದಾಟಿಬಿಡುತ್ತದೆ. ನಡುವಿನ ಹೊತ್ತು ಬೇಕು. ನೆಲದ ಗಾಳಿ ಬೇಕು. ಅಲೆ ಮೊಣಕಾಲೆತ್ತರ ಸಾಕು. ಮೂರೂ ಕೂಡಿ ಬರುವ ದಿನ ಮುಂದಿನ ಗುರುವಾರ. ಬಾಯಾರು ಮೂರು ಸಲ ನೋಡಿ ಹೂಂ ಅಂದರು. ಹೇಳಿದೆ. ಜಲಜಕ್ಕ ಮೂರು ಕೇರಿಗೂ ಹೋಗಿ ಸಾರಿ ಬಂದಳು.

ಬುಧವಾರ ಸಂಜೆ ಐದಕ್ಕೆ ಕೊನೆಯ ಲೆಕ್ಕ ತೆಗೆದೆ. ಗಾಳಿ ಸರಿಯಿತ್ತು, ಉಬ್ಬರ ಸರಿಯಿತ್ತು, ಆಕಾಶ ಶುಭ್ರ. ಅಲೆಯ ಎತ್ತರ ಎರಡೇ ಅಡಿ. ಆದರೆ ಒಂದು ಅಲೆಗೂ ಇನ್ನೊಂದು ಅಲೆಗೂ ನಡುವಿನ ಹೊತ್ತು ಎಂಟು ಸೆಕೆಂಡಿನಿಂದ ಹದಿನಾರಕ್ಕೆ ಹಾರಿತ್ತು. ಬಾಯಾರು ಕನ್ನಡಕ ತೆಗೆದು ಒರೆಸಿದರು.

"ಇದು ಅಲ್ಲಿದಲ್ಲ ಮಹಾದೇವಿ. ತೆಂಕಣ ದಿಕ್ಕಿಗೆ ಸಾವಿರಾರು ಮೈಲು ಆಚೆ ಎಲ್ಲೋ ಬಿರುಗಾಳಿ ಎದ್ದದ, ಅದರ ಅಲಿ ಈಗ ಬಂದು ಮುಟ್ಟಾಕತ್ತದ. ನೋಡಾಕ ನೀರು ಸುಮ್ಮನ ಮಲಗಿರತದ. ಒಮ್ಮಿಂದೊಮ್ಮಿಗೆ ಐದಾರು ಕೂಡಿ ಬರತಾವ, ದಿಬ್ಬದ ಮ್ಯಾಲ ಏರತಾವ, ಬಂದ ನೀರೆಲ್ಲ ಕಿಂಡಿಯಿಂದ ಹಿಂದ ಓಡತದ. ಈಸು ಬಾರದ ಹೆಂಗಸರು ಅಲ್ಲಿದ್ರ..."

ನಾನು ಕಾಣದವಳಂತೆ ಇರಲು ನೋಡಿದೆ, ಅದನ್ನು ಮುಚ್ಚಿಡುವುದಿಲ್ಲ. ಎರಡೇ ಅಡಿ ಅಲ್ಲೇನ್ರೀ ಅಂದೆ. ಲೆಕ್ಕ ತಪ್ಪಿರಬಹುದು ಅಂದೆ. ಅವರು ಬೇಡವೆಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಕೆಂಪು ಪೆನ್ನನ್ನು ನನ್ನ ಕಡೆ ಸರಿಸಿ ಕೆಳಗೆ ಚಹಾ ಹೇಳಲು ಹೋದರು. ಆರಕ್ಕೆ ಐದು ನಿಮಿಷ ಇರುವಾಗ ನಾನೇ ನನ್ನ ಹಾಳೆಯ ಮೇಲೆ ಗೀಟು ಎಳೆದು, ಓದಿದೆ: "ನಮಸ್ಕಾರ್ರೀ, ನಾ ಮಹಾದೇವಿ. ನಾಳಿ ಯಾರೂ ನೀರಿಗಿ ಇಳೀಬ್ಯಾಡ್ರಿ. ನೀರು ಸುಮ್ಮನ ಕಾಣತದ, ನಂಬಬ್ಯಾಡ್ರಿ. ಜಲಜಕ್ಕಾ, ತಪ್ಪು ತಿಳೀಬ್ಯಾಡ್ರಿ."

ಫೋನು ತಕ್ಷಣ ಬಂತು. "ಎಂತ ಹೇಳ್ತಿದ್ದಿ ನೀನು? ನಾನು ದಂಡೆಯಲ್ಲೇ ನಿಂತಿದ್ದೇನೆ. ಸಮುದ್ರ ತಟ್ಟೆ ನೀರಿನ ಹಾಗೆ ಉಂಟು! ನಾಳೆ ಇಪ್ಪತ್ತೆರಡು ಜನ ಬರ್ತಾರೆ, ಅವರಿಗೆ ಎಂತ ಹೇಳುದು ನಾನು?"

"ಬ್ಯಾಡಂತ ಹೇಳ್ರಿ ಅಕ್ಕಾ. ನಾಳಿ ಬ್ಯಾಡ."

"ನೀನು ಸಮುದ್ರ ನೋಡ್ಲೇ ಇಲ್ಲ. ನಿನ್ನ ಮಾತು ಕಟ್ಟಿಕೊಂಡು ನಾನು..." ಎಂದವಳು ಫೋನು ಇಟ್ಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅತ್ತೆ. ಹೇಳಿದ್ದು ಸುಳ್ಳಾಗಲಿ, ಅಲೆ ಬಾರದಿರಲಿ ಎಂದೊಮ್ಮೆ. ಬಾರದಿದ್ದರೆ ನಾನೇ ಅವಳ ಬೆಳಗನ್ನು ಕಸಿದವಳಾಗುತ್ತೇನೆ ಎಂದೊಮ್ಮೆ. ಗುರುವಾರ ಬೆಳಿಗ್ಗೆ ಬದುವಿನ ಮೇಲೆ ಕಾದೆ. ಫೋನು ಬರಲಿಲ್ಲ. ಅಷ್ಟು ದಿನಗಳಲ್ಲಿ ಅದೇ ಮೊದಲು. ಅಪ್ಪ ಬಾಳೆಗೆ ನೀರು ತಿರುಗಿಸುತ್ತ ಎರಡು ಸಲ ನನ್ನ ಕಡೆ ನೋಡಿ, ಮತ್ತೆ ಗುದ್ದಲಿ ಹಾಕಿದ.

ಬಸ್ಸು ಹತ್ತಿದ ಮೇಲೆ ಫೋನು ಬಡಿಯಿತು. ನಾನು ಹಲೋ ಅನ್ನುವ ಮೊದಲೇ ಆ ನಗು.

"ಚಪ್ಪಲಿ ಹೋಯ್ತು ಮಾರಾಯ್ತಿ!"

ಅವಳು ಸಿಟ್ಟಿನಲ್ಲೇ ದಂಡೆಗೆ ಹೋಗಿ ಕೂತಿದ್ದಳಂತೆ. ಬೇಡವೆಂದರೂ ಬಂದ ಏಳೆಂಟು ಹೆಂಗಸರೂ ಜೊತೆಗೆ. ಇಪ್ಪತ್ತು ನಿಮಿಷ ನೀರು ಅಲುಗಲಿಲ್ಲ. ಎಲ್ಲರೂ ಸೇರಿ ನನ್ನನ್ನು ಬೈದರಂತೆ, ನನ್ನ ಊರನ್ನೂ ಬೈದರಂತೆ. ಇನ್ನೇನು ಸೀರೆ ಎತ್ತಿ ಕಟ್ಟಿ ಇಳಿಯಬೇಕು, ಅಷ್ಟರಲ್ಲಿ ದೂರದಲ್ಲಿ ಒಂದು ಗೆರೆ ಎದ್ದಿತು. ಅದರ ಹಿಂದೆ ಇನ್ನೊಂದು. ಆರು ಬಂದವು. ತೆಂಗಿನ ಬುಡದವರೆಗೆ ನೀರು ನುಗ್ಗಿ, ಮರಳಿನ ಮೇಲೆ ಜೋಡಿಸಿಟ್ಟಿದ್ದ ಹಲಗೆಗಳಲ್ಲಿ ಮೂರನ್ನು ಎತ್ತಿಕೊಂಡು ಕಿಂಡಿಯಿಂದ ಹೊರಗೆ ಒಯ್ದಿತು. ದೋಣಿಯವರು ಹೋಗಿ ತರಬೇಕಾಯಿತು. ಹೆಂಗಸರು ಓಡಿ ಮೇಲೆ ಹತ್ತಿದರು. ಹೋದದ್ದು ಚಪ್ಪಲಿ ಮಾತ್ರ.

"ನಾನು ನೋಡಿದ್ದೇನೆ ಅಂತ ಹೇಳಿದ್ನಲ್ಲ," ಎಂದಳು ಜಲಜಕ್ಕ. ನಗು ನಿಂತಿತ್ತು. "ಇದನ್ನು ನೋಡಿರ್ಲಿಲ್ಲ. ನೀನು ಬೇಡ ಅನ್ನದಿದ್ರೆ ನಾವು ಅಷ್ಟೂ ಜನ ದಿಬ್ಬದ ಮೇಲೆ ಇರ್ತಿದ್ವು." ಮತ್ತೆ ತಡೆದು, "ಇನ್ನೊಂದು ದಿನ ಇಡು. ದಿನೇಶ ಆದಿತ್ಯವಾರದವರೆಗೆ ಮಾತ್ರ ಆಗ್ತದೆ ಅಂತಾನೆ. ಸೋಮವಾರದಿಂದ ರಜೆಯ ಜನ."

ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ, "ಯಾಕ ಮಗಳ, ಅಳಾಕತ್ತೀಯೋ ನಗಾಕತ್ತೀಯೋ?" ಎಂದು ಕೇಳಿತು. ಎರಡೂ, ಅಜ್ಜಿ ಎಂದೆ.

ದೂರದ ಅಲೆ ಶನಿವಾರದ ಹೊತ್ತಿಗೆ ಅಡಗಿತು. ಉಳಿದದ್ದು ಭಾನುವಾರ ಒಂದೇ, ಮತ್ತು ಅದಕ್ಕೊಂದು ತೊಡಕು: ಮೋಡ. ರಾತ್ರಿಯಿಡೀ ಮೋಡ ಕವಿದರೆ ನೆಲ ತಣಿಯುವುದಿಲ್ಲ, ನೆಲ ತಣಿಯದಿದ್ದರೆ ಬೆಳಗಿನ ಗಾಳಿ ಏಳುವುದಿಲ್ಲ. ಲೆಕ್ಕ ಒಮ್ಮೆ ಮೋಡ ಅನ್ನುತ್ತಿತ್ತು, ಒಮ್ಮೆ ಇಲ್ಲ ಅನ್ನುತ್ತಿತ್ತು. ಶನಿವಾರ ಸಂಜೆ ನಾನು ನಿಜವನ್ನೇ ಹೇಳಿದೆ: "ನಾಳಿ ಗಾಳಿ ನಂಬಿಕಿ ಅರ್ಧಾನೇ ಅದ. ಮುಂಜಾನಿ ಜಲಜಕ್ಕ ನೋಡಿ ಹೇಳ್ತಾರ. ಅವರು ಹೂಂ ಅಂದ್ರ ಇಳೀರಿ."

ಭಾನುವಾರ ಬೆಳಕು ಹರಿಯುವ ಮೊದಲೇ ಬಾಯಾರು ಬಾಡಿಗೆ ಕಾರಿನಲ್ಲಿ ಕಮಲಾಪುರಕ್ಕೆ ಬಂದಿಳಿದರು. ಎಂದೂ ಬಂದವರಲ್ಲ. ಕೆಂಪು ಬಾಳೆ ಒಯ್ಯಲು ಬಂದೆ ಎಂದರು. ಬೆಳಗಿನ ಐದೂವರೆಗೆ ಬಾಳೆಹಣ್ಣು ಒಯ್ಯಲು ಬರುವವರನ್ನು ಅವ್ವ ನೋಡಿರಲಿಲ್ಲ. ಅವ್ವ ಚಹಾ ತಂದಳು, ಅಪ್ಪ ಮೋಟಾರು ಬಂದ್ ಮಾಡಿದ. ನಾಲ್ವರೂ ಬದುವಿನ ಮೇಲೆ ನಿಂತೆವು, ನಡುವೆ ಕಲ್ಲಿನ ಮೇಲೆ ನನ್ನ ಫೋನು, ದನಿ ಜೋರಾಗಿ ಇಟ್ಟು.

"ಮಾದೇವಿ, ಕೇಳು," ಎಂದಳು ಜಲಜಕ್ಕ. "ಚುಕ್ಕಿ ಕಾಣ್ತಾ ಉಂಟು. ದೋಣಿಯ ಟರ್ಪಾಲು ಇಬ್ಬನಿಯಿಂದ ಒದ್ದೆ ಚಂಡಿ ಆಗಿದೆ. ನಾನು ನೀರಿಗೆ ಮುಖ ಮಾಡಿ ನಿಂತಿದ್ದೇನೆ, ಬೆನ್ನಿಗೆ ಚಳಿ ಹೊಡೀತಾ ಉಂಟು."

"ಬೆನ್ನಿಗಿ ಖರೇನ?"

"ಬೆನ್ನಿಗೇ. ನಿಮ್ಮ ಊರಿನ ಕಡೆಯಿಂದ."

ನಾನು ಫೋನಿನ ಕಡೆ ಬಾಗಿದೆ. "ಕಿಂಡಿ ಎಲ್ಲದ ಅಕ್ಕಾ?"

"ತೆಂಕಲಿಗೆ, ಶಾಲೆಯ ಹಳೆ ಬಾವುಟದ ಆಚೆ. ಹುಡುಗರು ಅಲ್ಲಿ ಹಗ್ಗ ಕಟ್ಟಿ ನಿಂತಿದ್ದಾರೆ."

ಬಾಯಾರ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿದ್ದರು. "ಹೂಂ ಅನ್ರಿ ಅಕ್ಕಾ," ಅಂದೆ. "ಹೂಂ!" ಎಂದು ಜಲಜಕ್ಕ ಕೂಗಿದ್ದು ನನಗಲ್ಲ, ಹಿಂದಿದ್ದವರಿಗೆ. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಜನ ಬಂದಿದ್ದರು.

ಬೆಳಕು ಹರಿದ ಮೇಲಿನ ಮೂರು ಗಂಟೆ ನಾವು ಕಂಡದ್ದೇನೂ ಇಲ್ಲ, ಕೇಳಿದ್ದಷ್ಟೇ. ಫೋನು ದಂಡೆಯ ಮೇಲೆ ಯಾರದೋ ಕೈಯಲ್ಲಿತ್ತು. ಅಲೆಯ ಸದ್ದು, ಕಿರುಚಾಟ, ದಿನೇಶರ "ಮಂಡಿ ಊರಿ! ಮೊದಲು ಮಂಡಿ ಊರಿ!", ಬೀಳುವುದು, ಬಿದ್ದವರನ್ನು ನೋಡಿ ಉಳಿದವರು ನಗುವುದು. ಯಾರೋ ಒಬ್ಬಾಕೆ ಉಪ್ಪುನೀರು ಕುಡಿದು ಸಮುದ್ರಕ್ಕೇ ಬೈದಳು. ಅವ್ವ ಚಹಾದ ಬಟ್ಟಲು ಹಿಡಿದವಳು ಕುಡಿಯುವುದನ್ನು ಮರೆತು, "ಎದ್ದಳೇನ? ಆಕಿ ಎದ್ದಳೇನ?" ಎಂದು ಫೋನನ್ನೇ ಕೇಳುತ್ತಿದ್ದಳು. ಜಲಜಕ್ಕ ಏಳು ಸಲ ಬಿದ್ದಳು. ಅಪ್ಪ ಬೆರಳು ಮಡಚಿ ಎಣಿಸುತ್ತಿದ್ದ. ಎಂಟನೆಯ ಸಲ ದಂಡೆಯ ಗದ್ದಲವೆಲ್ಲ ಒಮ್ಮೆಲೇ ನಿಂತು, ಅಲೆಯ ಸದ್ದೊಂದೇ ಉಳಿಯಿತು. ಆಮೇಲೆ ಹೆಂಗಸರು ಹೊಡೆದ ಕೂಗಿಗೆ ನಮ್ಮ ತೋಟದ ಬೆಳ್ಳಕ್ಕಿಗಳು ಹಾರಿದವು.

"ನಿಂತಳು!" ಎಂದು ಬಾಯಾರು ಚಪ್ಪಾಳೆ ತಟ್ಟಿ ಕುಣಿದರು. ಹೌದು, ಕುಣಿದರು, ಭೂಗೋಳದ ಟೀಚರು, ಬಾಳೆತೋಟದ ಬದುವಿನ ಮೇಲೆ, ಸೀರೆಯ ನಿರಿಗೆ ಹಿಡಿದು. ನನಗೆ ಅಷ್ಟು ಸಂತೋಷ ಅದಕ್ಕೂ ಮೊದಲು ಆಗಿರಲಿಲ್ಲ, ನನ್ನ ಮದುವೆಯ ದಿನವೂ ಆಗಲಿಲ್ಲ. ಇದನ್ನು ನನ್ನ ಗಂಡನೂ ಬಲ್ಲ.

ಒಂಬತ್ತೂವರೆಗೆ ಫೋನಿನಲ್ಲಿ ಗಾಳಿಯ ಸದ್ದು ಬದಲಾಯಿತು. ದಿನೇಶರ ದನಿ ಬಂತು, ಸೋತ ದನಿ.

"ಮೇಡಂ, ನೀವಾದ್ರೂ ಸ್ವಲ್ಪ ಹೇಳಿ. ಗಾಳಿ ತಿರುಗಿತು, ಹೊರಗೆ ಬನ್ನಿ ಅಂದೆ, ಬಂದ್ರು. ಹಲಗೆ ಕೊಡಿ ಅಂದ್ರೆ ಕೊಡ್ತಾ ಇಲ್ಲ. ಎಲ್ಲ ಅದರ ಮೇಲೇ ಕೂತಿದ್ದಾರೆ. ನಾಳೆಯಿಂದ ರಜೆಯವರು ಬರ್ತಾರೆ ಅಂದ್ರೆ ಬರ್ಲಿ ಅಂತಾರೆ. ಒಂದೇ ಬೆಳಿಗ್ಗೆ ಅಂತ ಮಾತಾಗಿತ್ತು ಅಲ್ವಾ ಮೇಡಂ?"

ಅವರ ಹಿಂದಿನಿಂದ ಜಲಜಕ್ಕ ಏದುಸಿರಿನಲ್ಲೇ ಕೂಗಿದಳು: "ಅವಳತ್ರ ಕೇಳು! ನಾಳೆ ಹೇಗುಂಟು ಅಂತ ಕೇಳು!"

"ಸಂಜಿ ಆರಕ್ಕ ಹೇಳ್ತೀನ್ರಿ," ಎಂದು ಫೋನು ಇಟ್ಟೆ.

ಬಾಯಾರ ಕಾರಿನಲ್ಲೇ ಕಲಬುರಗಿಗೆ ಹೋದೆ. ಭಾನುವಾರ ಜಗತ್ ಸರ್ಕಲ್ಲು ಅರ್ಧ ಮುಚ್ಚಿತ್ತು, ಮಹಬೂಬ್ ಭಾಯ್ ಅಂಗಡಿಗೂ ಬೀಗ. ಲೆಕ್ಕ ತೆಗೆದೆ: ಆಕಾಶ ಶುಭ್ರ, ನೆಲದ ಗಾಳಿ ಒಂಬತ್ತರ ತನಕ, ಅಲೆ ಮೊಣಕಾಲೆತ್ತರ. ಬರೆದು ಬಾಯಾರಿಗೆ ಕೊಟ್ಟೆ. ಅವರು ಕೊನೆಯ ಸಾಲನ್ನು ಎರಡು ಸಲ ಓದಿ, ಕೆಂಪು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಆ ತೀರದಲ್ಲಿ ಯಾರಿಗೆ ಯಾವ ಹೊತ್ತು ಎಂದು ಹೇಳುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಆರು ಗಂಟೆಗೆ ನಾನು ಹೇಳಿದ್ದನ್ನು ಇಡೀ ತೀರ ನಂಬುತ್ತಿತ್ತು, ದಿನೇಶರೂ ನಂಬುತ್ತ ಬಂದಿದ್ದರು. ಸರಿಯಾಗಿ ಆರಕ್ಕೆ ಓದಿದೆ:

"ನಮಸ್ಕಾರ್ರೀ, ನಾ ಮಹಾದೇವಿ. ನಾಳಿ ನೆಲದ ಗಾಳಿ ಛಲೋ ಅದ. ರಜೆಗಿ ಬಂದೋರು ಎಂಟರ ಮ್ಯಾಲ ಇಳೀರಿ. ಅದಕ್ಕೂ ಮದ್ಲ, ದೋಣಿ ಬರೋತನಕ, ನೀರು ಅಕ್ಕಂದಿರದು."